ಅಕ್ಕನ ಪ್ರಶ್ನೆ, ಬಾವನ ಗಾಳಿ ಬ್ರೇಕು

ನನ್ನ ಮೇಜಿನ ಮೇಲೆ ಪೆನ್ನು ಇಡುವ ಡಬ್ಬಿಯಲ್ಲಿ ಸೂಜಿ ಇಲ್ಲದ ಒಂದು ಸಿರಿಂಜ್ ಇದೆ. ಮನೆಗೆ ಬಂದವರು ಮೊದಲು ಅದನ್ನು ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ, ಆಮೇಲೆ ದನಿ ತಗ್ಗಿಸಿ, "ಶುಗರ್ರಾ? ಯಾವಾಗಿಂದ?" ಎಂದು ಕೇಳುತ್ತಾರೆ. ಇಲ್ಲ ಎಂದರೆ ನಂಬುವುದಿಲ್ಲ. "ಅದು ರೈಲಿನ ಬ್ರೇಕು" ಎಂದು ನಿಜ ಹೇಳಿದರೆ ನನ್ನ ಹೆಂಡತಿಯ ಕಡೆ ಕನಿಕರದಿಂದ ನೋಡಿ, ಕಾಫಿ ಕುಡಿದು, ಬೇಗ ಎದ್ದು ಹೋಗುತ್ತಾರೆ. ನೀವು ಹಾಗೆ ಎದ್ದು ಹೋಗುವವರಲ್ಲ ಎಂಬ ನಂಬಿಕೆಯ ಮೇಲೆ ಹೇಳುತ್ತೇನೆ. ಅದು ರೈಲಿನ ಬ್ರೇಕೇ. ನಾಲ್ಕು ಜನ ಕೂತ ರೈಲನ್ನು ಇಳಿಜಾರಿನಲ್ಲಿ ಹಿಡಿದು ನಿಲ್ಲಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನೋಡಿದ್ದೇನೆ ಏನು, ಅದರ ಮೇಲೆ ಕೂತಿದ್ದೆ.

ನಾನು ಹಿರಿಯೂರಿನವನು. ನಮ್ಮೂರಿಗೆ ರೈಲು ಬರುತ್ತದೆ, ಬರುತ್ತದೆ ಎಂದು ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಕೇಳುತ್ತಿದ್ದೇನೆ. ನಮಗಿರುವುದು ಹೆದ್ದಾರಿ. ಐಮಂಗಲದಲ್ಲಿ ನಮ್ಮ ಚಿಕ್ಕಮ್ಮನ ಮನೆ ರಸ್ತೆಗೇ ಅಂಟಿಕೊಂಡಿತ್ತು. ಎದುರಿಗಿನ ಟೀ ಅಂಗಡಿಗೆ ಬಂದು ನಿಲ್ಲುವ ಲಾರಿಗಳು "ಉಸ್ಸ್..." ಎಂದು ದೊಡ್ಡದಾಗಿ ಉಸಿರು ಬಿಡುತ್ತಿದ್ದವು. ಎತ್ತಿಗೆ ದಣಿವಾದ ಹಾಗೆ ಲಾರಿಗೂ ದಣಿವಾಗುತ್ತದೆ, ಪಾಪ, ಬಾಂಬೆಯಿಂದ ಬಂದಿದೆ ಎಂದುಕೊಳ್ಳುತ್ತಿದ್ದೆ. ಒಂದು ಸಲ ಲಾರಿಯ ಮುಂದೆ ಚೊಂಬಿನಲ್ಲಿ ನೀರು ಇಟ್ಟು ಬಂದು ಡ್ರೈವರನಿಂದ ಬೈಸಿಕೊಂಡೆ. ಗಾಳಿಯ ವಿಷಯದಲ್ಲಿ ನನ್ನ ತಿಳಿವಳಿಕೆ ಅಲ್ಲಿಂದ ಶುರುವಾಗಿ, ಮೊನ್ನೆ ಮೊನ್ನೆಯವರೆಗೂ ಅಲ್ಲೇ ನಿಂತಿತ್ತು.

ನಾನು ರೈಲು ನೋಡಿದ್ದು ಬಾಗೂರಿನ ಸೋದರತ್ತೆಯ ಮನೆಗೆ ಹೋದಾಗ. ಮಕ್ಕಳಿಗೆ ರೈಲು ತೋರಿಸಬೇಕೆಂದು ಅಪ್ಪ ನನ್ನನ್ನೂ ಗಿರಿಜಕ್ಕನನ್ನೂ ಹೊಸದುರ್ಗ ರೋಡ್ ಸ್ಟೇಷನ್ನಿಗೆ ಕರೆದುಕೊಂಡು ಹೋದರು. ಹೆಸರನ್ನು ನಂಬಿ ಹೊಸದುರ್ಗದಲ್ಲಿ ಬಸ್ಸಿಳಿದು ಸ್ಟೇಷನ್ ಎಲ್ಲಿ ಎಂದು ಕೇಳಿದರೆ ಜನ ನಗುತ್ತಾರೆ. ಹೊಸದುರ್ಗ ರೋಡ್ ಇರುವುದು ಹೊಸದುರ್ಗದಿಂದ ಬಲು ದೂರ. ಅಂತೂ ಹೋಗಿ ಮುಟ್ಟಿದೆವು. ಒಂದು ಗೂಡ್ಸು ಬಂತು. ನೆಲ ನಡುಗಿತು. ನಾನು ಅಪ್ಪನ ಪಂಚೆಯ ಹಿಂದೆ ಸೇರಿಕೊಂಡೆ. ಅಕ್ಕ ಮಾತ್ರ ಪ್ಲಾಟ್‌ಫಾರ್ಮಿನ ಅಂಚಿನಲ್ಲಿ, ಜಡೆ ಗಾಳಿಗೆ ಹಾರುತ್ತಿದ್ದರೂ ಲೆಕ್ಕಿಸದೆ, ಬಾಯಿ ತೆರೆದುಕೊಂಡು ನಿಂತಿದ್ದಳು. ಕೊನೆಯ ಡಬ್ಬಿ ದಾಟಿದ ಮೇಲೆ ಕೇಳಿದಳು: "ಅಪ್ಪಾ, ಇಷ್ಟುದ್ದದ್ದನ್ನ ಹೆಂಗೆ ನಿಲ್ಲಿಸ್ತಾರೆ?"

ಅಪ್ಪನಿಗೆ ಗೊತ್ತಿಲ್ಲ ಎನ್ನುವ ಅಭ್ಯಾಸವಿರಲಿಲ್ಲ. "ಡ್ರೈವರ್ ತುಳೀತಾನೆ" ಅಂದರು. ಅವತ್ತಿನಿಂದ ರೈಲಿನ ಡ್ರೈವರ್ ಎಂದರೆ ನನಗೆ ಕಣ್ಣಮುಂದೆ ಬರುತ್ತಿದ್ದದ್ದು ತೇರಿನ ಹಗ್ಗದಷ್ಟು ದಪ್ಪ ನರಗಳಿದ್ದ ಒಂದು ಬಲಗಾಲು.

ಗಿರಿಜಕ್ಕ ಆಗ ಎಂಥ ಹುಡುಗಿ ಅಂತೀರಿ! ಗ್ಯಾರೇಜಿನಿಂದ ಹಳೆ ಬೇರಿಂಗ್ ತಂದು, ಹಲಗೆಗೆ ಸಿಗಿಸಿ, ಬೇರಿಂಗ್ ಗಾಡಿ ಮಾಡಿ, ನಮ್ಮ ಬೀದಿಯ ಇಳಿಜಾರಿನಲ್ಲಿ ಕರಕರ ಸದ್ದು ಮಾಡುತ್ತ ಬಿಡುತ್ತಿದ್ದವಳು ಅವಳೇ. ಹಿಂದೆ ಅವಳ ಸೊಂಟ ಹಿಡಿದು ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದವನು ನಾನು. ಆ ಗಾಡಿಗಿದ್ದ ಬ್ರೇಕು ನನ್ನ ಹವಾಯಿ ಚಪ್ಪಲಿ. ಅವಳು "ಒತ್ತೋ!" ಎಂದು ಕೂಗಿದಾಗ ನಾನು ಎರಡೂ ಹಿಮ್ಮಡಿ ನೆಲಕ್ಕೆ ಊರಬೇಕು. ಚಪ್ಪಲಿಯ ಹಿಂಭಾಗ ಸವೆದು ಸವೆದು ಹಿಮ್ಮಡಿಯೇ ಕಾಣುತ್ತಿತ್ತು. ಅಮ್ಮ ಬೈದದ್ದು ನನ್ನನ್ನು. ಬ್ರೇಕು ಆದವನ ಹಣೆಬರಹವೇ ಅದು.

ಇಂಥ ಅಕ್ಕ ಮದುವೆಯಾಗಿ ಹೊಳಲ್ಕೆರೆಗೆ ಹೋದಳು. ಬಾವ ಹಲ್ಲಿನ ಡಾಕ್ಟರು. ಹೆಸರು ಚನ್ನಬಸಪ್ಪ, ಊರೆಲ್ಲ ಕರೆಯುವುದು "ಹಲ್ಲು ಡಾಕ್ಟ್ರು" ಎಂದು. ಅವರಿಗೆ ಆಗ ಒಂದು ಹಳೆ ಸ್ಕೂಟರ್ ಇತ್ತು. ಒಂದು ಭಾನುವಾರ ಅಕ್ಕನನ್ನು ಕೂರಿಸಿಕೊಂಡು ದುರ್ಗದ ಜೋಗಿಮಟ್ಟಿ ಬೆಟ್ಟಕ್ಕೆ ಹೋಗಿದ್ದರು. ಇಳಿಯುವಾಗ ಬ್ರೇಕಿನ ತಂತಿ ಕಿತ್ತುಹೋಯಿತು. ಬಾವ ತುಳಿದರು, ಕಾಲು ಸುಮ್ಮನೆ ಕೆಳಕ್ಕೆ ಹೋಯಿತು. ಮುಂದಿನ ತಿರುವಿನಲ್ಲಿ ಇಬ್ಬರೂ ಲಂಟಾನ ಪೊದೆಯೊಳಗೆ ಬಿದ್ದರು. ಅಕ್ಕನ ಎಡ ಮಣಿಕಟ್ಟು ಮುರಿಯಿತು. ಬಾವನಿಗೆ ಒಂದು ತರಚು ಗಾಯವೂ ಆಗಲಿಲ್ಲ, ಅದನ್ನು ಅವರು ತಮಗೆ ತಾವೇ ಎಂದೂ ಕ್ಷಮಿಸಿಕೊಳ್ಳಲಿಲ್ಲ. ಮರುದಿನವೇ ಸ್ಕೂಟರಿಗೆ ಹೊಸ ತಂತಿ ಹಾಕಿಸಿಕೊಂಡು ಬಂದರು. "ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ" ಎಂದು ಅಕ್ಕ ಹಾಸಿಗೆಯಿಂದಲೇ ಹೇಳಿದಳು.

ಮಣಿಕಟ್ಟು ಕೂಡಿಕೊಂಡಿತು. ಆದರೆ ಅಕ್ಕನಿಗೆ ಒಂದು ಪ್ರಶ್ನೆ ಉಳಿದುಕೊಂಡಿತು. "ಕಿತ್ತೋದ್ರೆ?"

ಪಂಚಮಿಯಲ್ಲಿ ಜೋಕಾಲಿ ಕಟ್ಟಿದರೆ, "ಹಗ್ಗ ಕಿತ್ತೋದ್ರೆ?" ದಾವಣಗೆರೆಯ ಆಸ್ಪತ್ರೆಯಲ್ಲಿ ಲಿಫ್ಟಿನ ಮುಂದೆ ನಿಂತರೆ, "ಕಿತ್ತೋದ್ರೆ?" ಎಂದು ಮೆಟ್ಟಿಲು ಹತ್ತುವಳು. ನಾನು ವಿಮಾ ಏಜೆಂಟ್. ಜನರ ತಲೆಯಲ್ಲಿ ಈ ಒಂದು ಪ್ರಶ್ನೆ ಹುಟ್ಟಿಸಲು ನಾನು ಮನೆಮನೆಯಲ್ಲಿ ಎಷ್ಟು ಕಾಫಿ ಕುಡಿದು ಗ್ಯಾಸ್ಟ್ರಿಕ್ ತಂದುಕೊಂಡಿದ್ದೇನೋ ನನಗೇ ಗೊತ್ತು. ಅಕ್ಕನಿಗೆ ಅದು ಸುಮ್ಮನೆ ಬಂದಿತ್ತು. ಆದರೂ ನನ್ನ ಹತ್ತಿರ ಒಂದು ಪಾಲಿಸಿಯನ್ನೂ ಮಾಡಿಸಲಿಲ್ಲ. "ನಿನ್ನ ಕಂಪ್ನಿನೇ ಕಿತ್ತೋದ್ರೆ?" ಅಂದಳು.

ಬಾವ ಕಾರು ಕೊಂಡರು. ಅಕ್ಕ ಹತ್ತಲಿಲ್ಲ. ಬಾವನ ಹುಟ್ಟೂರು ಹಿರೇಗುಂಟನೂರು. ಅಲ್ಲಿ ಜಮೀನಿದೆ, ಅದರಲ್ಲೊಂದು ಸಣ್ಣ ಮನೆ ಇದೆ. ಭಾನುವಾರ ಭಾನುವಾರ ಇಬ್ಬರೂ ಅಲ್ಲಿಗೆ ಹೋಗುತ್ತಿದ್ದರು. ಹೇಗೆ ಹೋಗುತ್ತಿದ್ದರು ಎಂದರೆ, ಮುಂದೆ ಕಾರಿನಲ್ಲಿ ಬಾವ ಒಬ್ಬರೇ, ಹಿಂದಿನ ಬಸ್ಸಿನಲ್ಲಿ ಅಕ್ಕ. ಸಂಜೆ ವಾಪಸು ಬರುವುದೂ ಹಾಗೆಯೇ. ಕಂಡಕ್ಟರ್ ಅವಳಿಗೆಂದೇ ಮುಂದಿನ ಸೀಟು ಕಾಯ್ದಿರಿಸುತ್ತಿದ್ದ. ಅಲ್ಲಿ ಕೂತು ಎದುರಿನ ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, "ಓಂ ನಮಃ ಶಿವಾಯ" ಎನ್ನುತ್ತ ಊರು ಮುಟ್ಟುವಳು.

"ಅಲ್ಲಕ್ಕ, ಬಸ್ಸಿನ ಬ್ರೇಕು ಕಿತ್ತೋಗಲ್ವ?" ಎಂದು ಒಮ್ಮೆ ಕೇಳಿದೆ.

"ಲೇ ರುದ್ರ, ಬಸ್ಸಿನಾಗೆ ಐವತ್ತು ಜನದ ಪುಣ್ಯ ಇರ್ತೈತೆ. ಇವ್ರ ಕಾರಲ್ಲಿ ನಮ್ಮಿಬ್ರುದೇ. ಸಾಲಲ್ಲ" ಅಂದಳು.

ಎಲ್ಲರೂ ನಕ್ಕೆವು. ಬಾವ ನಗಲಿಲ್ಲ. ಕೈತೊಳೆಯಲು ಹೊರಗೆ ಹೋದಾಗ ನನ್ನೊಬ್ಬನಿಗೇ ಹೇಳಿದರು: "ಅವ್ಳನ್ನ ಒಂದೇ ಒಂದ್ಸಲ ನನ್ನ ಹಿಂದೆ ಕೂರಿಸ್ಕಂಡು ಇಳಿಜಾರು ಇಳೀಬೇಕು ಕಣಪ್ಪ. ಅವ್ಳು ಹೆದರ್ದಂಗೆ. ಆಮೇಲೆ ಕಾರು ಮಾರಿದ್ರೂ ಚಿಂತಿಲ್ಲ." ನಾನು ಅವರ ಕೈಗೆ ಇನ್ನೊಂದು ಚೊಂಬು ನೀರು ಹಾಕಿದೆ.

ಹೀಗಿರುವಾಗ ಬಾವ ಒಂದು ಮದುವೆಗೆ ಹೋಗಿ ಬರುವಾಗ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಇಳಿದರು. ರೈಲಿನ ಎಂಜಿನ್ನನ್ನು ಒಂದು ತುದಿಯಿಂದ ಬಿಚ್ಚಿ ಇನ್ನೊಂದು ತುದಿಗೆ ತರುತ್ತಿದ್ದರು. ಎಂಜಿನ್ನಿಗೂ ಬೋಗಿಗೂ ನಡುವಿನ ಕಪ್ಪು ಪೈಪನ್ನು ಒಬ್ಬ ಕಳಚಿದಾಗ "ಉಸ್ಸ್" ಎಂದು ಗಾಳಿ ಹೋಯಿತು. ಬಾವ ಗಾಬರಿಯಾಗಿ, "ಏನಪ್ಪ, ಗಾಳಿ ಹೋತಲ್ಲ, ಬೋಗಿ ಉರುಳ್ಕಂಡು ಹೋಗಲ್ವ?" ಎಂದರಂತೆ. ಅವನು ಕೈ ಒರೆಸಿಕೊಳ್ಳುತ್ತ, "ಗಾಳಿ ಹೋದ್ರೇನೇ ಸಾರ್ ಬ್ರೇಕು ಹಿಡ್ಕಳದು" ಎಂದು ಹೇಳಿ ಹೊರಟುಹೋದ.

ಬಾವ ಅಲ್ಲೇ ನಿಂತುಬಿಟ್ಟರು. ಮದುವೆಯಲ್ಲಿ ಕೊಟ್ಟ ತೆಂಗಿನಕಾಯಿಯ ಚೀಲ ಬೆಂಚಿನ ಮೇಲೆ ಮರೆತು ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಅಕ್ಕನಿಗೆ ಹೇಳಿದರು: "ಗಿರಿಜಾ, ಕಿತ್ತೋದ್ರೆ ನಿಲ್ಲೋ ಗಾಡಿ ಒಂದು ಐತೆ!" ಅಕ್ಕ ಮಜ್ಜಿಗೆ ಕಡೆಯುತ್ತಿದ್ದಳು. "ನಂಗೆ ಕಾಣ್ಬೇಕು" ಅಂದಳು. ಅಷ್ಟೇ. ಬಾವನ ರೈಲು ಹುಟ್ಟಿದ್ದು ಆ ಮಾತಿನಿಂದ.

ನಾನು ಆ ಬ್ರೇಕಿನ ವಿದ್ಯೆ ಕಲಿತದ್ದು ಬಾವನ ಕುರ್ಚಿಯ ಮೇಲೆ ಅಂಗಾತ ಮಲಗಿ. ದವಡೆ ಹಲ್ಲು ಹುಳುಕಾಗಿತ್ತು. ಬಾಯಿ ತೆರೆದು ಹತ್ತಿ ತುರುಕಿಸಿಕೊಂಡವನಿಗೆ ವಾದ ಮಾಡುವ ಹಕ್ಕಿಲ್ಲ. ಬಾವನಿಗೆ ಅಂಥ ಶ್ರೋತೃಗಳೇ ಬೇಕು. ಆ ವರ್ಷಗಳಲ್ಲಿ ಹೊಳಲ್ಕೆರೆ ಸುತ್ತಮುತ್ತ ಹಲ್ಲು ನೋವಿದ್ದವರಿಗೆಲ್ಲ ರೈಲಿನ ಬ್ರೇಕು ಅಷ್ಟಿಷ್ಟು ಗೊತ್ತಾಗಿತ್ತು. ನನಗೆ ಬಾಮೈದನೆಂದು ಪೂರ್ತಿ ಪಾಠವೇ ಆಯಿತು.

"ನೋಡಪ್ಪ ರುದ್ರೇಶ, ಎಂಜಿನ್ನಾಗೆ ಗಾಳಿ ಪಂಪು ಐತೆ. ಅಲ್ಲಿಂದ ಒಂದು ಪೈಪು ಎಲ್ಲ ಬೋಗಿ ಹೊಟ್ಟೆ ಕೆಳಗೂ ಹೋಗ್ತೈತೆ. ಒಂದೊಂದು ಬೋಗಿಗೂ ಒಂದೊಂದು ಗಾಳಿ ಡಬ್ಬಿ. ನಿಮ್ಮೂರಾಗೆ ನಲ್ಲಿ ಬಂದಾಗ ಮನೆಮನೆಗೂ ಡ್ರಮ್ಮು ತುಂಬಿಸ್ಕಳಲ್ವ? ಹಂಗೆ."

"ಆಆ" ಎಂದೆ.

"ಪೈಪಿಗೂ ಡಬ್ಬಿಗೂ ನಡುವೆ ಒಂದು ವಾಲ್ವು. ಅದರೊಳಗೆ ತೆಳ್ಳನೆ ರಬ್ಬರ್ ಪರದೆ. ಪೈಪಿನಾಗೆ ಗಾಳಿ ಜೋರಾಗಿದ್ರೆ ಪರದೆ ಈ ಕಡೆ ವಾಲ್ತೈತೆ. ಆಗ ಡಬ್ಬಿ ತುಂಬ್ಕಳ್ತೈತೆ. ಚಕ್ರದ ಹತ್ರ ಒಂದು ಸಿಲಿಂಡರ್ ಐತೆ, ನಮ್ಮ ಸಿರಿಂಜು ಇದ್ದಂಗೆ. ಆ ಸಿರಿಂಜಿನಾಗೆ ಇದ್ದ ಗಾಳಿ ಒಂದು ತೂತಿನಿಂದ ಹೊರಗೆ ಹೋಗಿ ಬ್ರೇಕು ಬಿಡ್ತೈತೆ. ಪೈಪಿನ ಗಾಳಿ ಕಮ್ಮಿ ಆತು ಅನ್ನು, ಡಬ್ಬಿ ಗಾಳಿನೇ ಜೋರಾತಲ್ಲ, ಪರದೆನ ಆ ಕಡೆ ತಳ್ತೈತೆ. ತೂತು ಮುಚ್ಕಳ್ತೈತೆ, ಡಬ್ಬಿ ಗಾಳಿ ಸಿರಿಂಜಿಗೆ ನುಗ್ತೈತೆ, ಸಿರಿಂಜು ಬ್ರೇಕ್ ರಬ್ಬರನ್ನ ಚಕ್ರಕ್ಕೆ ಒತ್ತಿ ಹಿಡಿತೈತೆ. ಡ್ರೈವರ್ ಬ್ರೇಕು ಹಾಕದು ಅಂದ್ರೆ ಪೈಪಿನ ಗಾಳಿ ಹೊರಗೆ ಬಿಡದು. ಅಷ್ಟೇ ಕೆಲ್ಸ."

ಹಲ್ಲು ಕೊರೆಯುವ ಯಂತ್ರ ಬಾಯೊಳಗಿದ್ದರೂ ನಾನು ನೋವು ಮರೆತೆ. ನಾನು ತಿಳಿದದ್ದೆಲ್ಲ ತಲೆಕೆಳಗಾಗಿತ್ತು. ಗಾಳಿ ಊದಿ ಚಕ್ರ ಹಿಡಿಯುತ್ತಾರೆ ಎಂದುಕೊಂಡಿದ್ದೆ. ಗಾಳಿ ಬಿಟ್ಟು ಹಿಡಿಯುತ್ತಾರಂತೆ! ಅಪ್ಪನ ಡ್ರೈವರನ ಬಲಗಾಲಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಪ್ರತಿ ಬೋಗಿಯೂ ತನ್ನನ್ನು ನಿಲ್ಲಿಸಿಕೊಳ್ಳುವಷ್ಟು ಉಸಿರನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡು ಓಡುತ್ತಿರುತ್ತದೆ. ಮೇಲಿನವರ ಅಪ್ಪಣೆ ಬೇಕಿಲ್ಲ. ಅಪ್ಪಣೆ ಬರುವ ದಾರಿಯೇ ಕಡಿದುಹೋದರೆ ಅದೇ ಅಪ್ಪಣೆ. ಇದನ್ನು ಮೊದಲು ಯೋಚಿಸಿದವನು ಯಾವ ಊರಿನವನೋ, ಅವನ ಮನೆಯಲ್ಲೂ ನಮ್ಮಕ್ಕನಂಥವಳು ಒಬ್ಬಳು ಇದ್ದಿರಬೇಕು. ನನ್ನ ಕಣ್ಣಲ್ಲಿ ನೀರು ಬಂತು. "ನೋಯ್ತಾ?" ಎಂದು ಬಾವ ಕೇಳಿದರು. ತಲೆಯಾಡಿಸಿದೆ, ಯಾವ ಕಡೆಗೆ ಎಂದು ನನಗೇ ತಿಳಿಯಲಿಲ್ಲ.

ಇಷ್ಟನ್ನೂ ಬಾವ ಹಿರೇಗುಂಟನೂರಿನ ಜಮೀನಿನಲ್ಲಿ ಕೈಯಾರೆ ಮಾಡಿದ್ದರು. ಈರುಳ್ಳಿ ಶೆಡ್ಡೇ ಸ್ಟೇಷನ್. ಅಲ್ಲಿಂದ ಗೇಣಗಲದ ಹಳಿ ಹೊರಟು, ಇಳಿಜಾರಿನಲ್ಲಿ ಇಳಿದು, ಕೆಳಗಿನ ಕೃಷಿ ಹೊಂಡದ ಪಕ್ಕದಲ್ಲಿ ತಿರುಗಿ, ಮೆಕ್ಕೆಜೋಳದ ಹೊಲ ಬಳಸಿ ಮೇಲಕ್ಕೆ ಬರುತ್ತದೆ. ಬ್ಯಾಟರಿಯಿಂದ ಓಡುವ ಎಂಜಿನ್. ಬೋಗಿಗಳ ಮೇಲೆ ಕುದುರೆ ಏರಿದಂತೆ ಎರಡೂ ಕಡೆ ಕಾಲು ಹಾಕಿ ಕೂರಬೇಕು. ಆಟದ ರೈಲು ಎಂದರೆ ಬಾವನಿಗೆ ಕೋಪ ಬರುತ್ತದೆ. "ಆಟಿಕೆ ಅಲ್ಲಪ್ಪ, ಮಾದರಿ. ದೊಡ್ಡದ್ರಾಗೆ ಏನೈತೋ ಇದ್ರಾಗೂ ಅದೇ ಐತೆ." ಗಾಳಿ ತುಂಬುವುದು ಕಾರಿನ ಚಕ್ರಕ್ಕೆ ಹೊಡೆಯುವ ಸಣ್ಣ ಪಂಪು. ಚಕ್ರ ಹಿಡಿಯುವುದು ಸೈಕಲ್ಲಿನ ಬ್ರೇಕ್ ರಬ್ಬರು, ಅದನ್ನು ಒತ್ತುವುದು ಸೂಜಿ ತೆಗೆದ ಸಿರಿಂಜು. ವಾಲ್ವಿನ ಪರದೆ, ಹಲ್ಲಿನ ಡಾಕ್ಟರುಗಳು ಕೆಲಸ ಮಾಡುವಾಗ ಬಾಯಿಗೆ ಹರಡುವ ತೆಳು ರಬ್ಬರ್ ಹಾಳೆ. ಅದನ್ನು ಮೂಗುಬೊಟ್ಟಿನಷ್ಟು ಸಣ್ಣದಾಗಿ ಕತ್ತರಿಸಲು ಅವರಿಗೆ ಮಾತ್ರ ಬರುತ್ತದೆ.

ಮೊದಲ ಸಲ ತೋರಿಸಿದಾಗ ಬಾವ ರೈಲು ಓಡಿಸಲೇ ಇಲ್ಲ. ಪಂಪು ಗುರ್ ಎಂದು ಗಾಳಿ ತುಂಬಿತು. ಬೋಗಿಗಳ ಅಡಿಯಲ್ಲಿ ಸಣ್ಣಗೆ ಉಸ್ ಎಂದು ರಬ್ಬರುಗಳು ಚಕ್ರ ಬಿಟ್ಟು ಹಿಂದೆ ಸರಿದವು. ಆಮೇಲೆ ಬಾವ ಎಂಜಿನ್ನಿನ ಹಿತ್ತಾಳೆ ಹಿಡಿಯನ್ನು ಒಂದಿಷ್ಟೇ ತಿರುಗಿಸಿದರು. ಸ್ಸ್ ಎಂದು ಒಂದು ನಿಟ್ಟುಸಿರು. ಹಿಂದೆಯೇ ಟಕ್, ಟಕ್, ಟಕ್ ಎಂದು ಒಂದಾದ ಮೇಲೊಂದು ಬೋಗಿ ತನ್ನ ಚಕ್ರವನ್ನು ತಾನೇ ಹಿಡಿದುಕೊಂಡಿತು. ಯಾರೂ ಮುಟ್ಟಲಿಲ್ಲ, ಯಾವ ತಂತಿಯೂ ಎಳೆಯಲಿಲ್ಲ. ನನ್ನ ಮೈ ಜುಮ್ಮೆಂದಿತು. ಎದುರಿನ ಗುಡ್ಡದ ಮೇಲೆ ಗಾಳಿಗಿರಣಿಗಳು ಸುತ್ತುತ್ತಿದ್ದವು. ಹುಟ್ಟಿದಾಗಿನಿಂದ ಕಿವಿಗೆ ಬಡಿಯುತ್ತಿದ್ದ ನಮ್ಮ ದುರ್ಗದ ಗಾಳಿಯನ್ನು ಅವತ್ತು ಮೊದಲ ಸಲ ಮರ್ಯಾದೆಯಿಂದ ನೋಡಿದೆ. ಅಕ್ಕ ದೂರದಲ್ಲಿ ನಿಂತು ನೋಡಿ, "ಚೆನ್ನಾಗೈತೆ" ಎಂದು ಒಳಗೆ ಹೋದಳು. ಹತ್ತಿರ ಬರಲಿಲ್ಲ.

ರೈಲಿನ ಮೊದಲ ಓಟ ಆಯುಧ ಪೂಜೆಯ ದಿನ ಎಂದು ಗೊತ್ತಾಯಿತು. ನೆಂಟರೆಲ್ಲ ಬಂದರು. ಅಕ್ಕ ರೈಲು ಹತ್ತುವುದಿಲ್ಲ, ಸರಿ. ಆದರೆ ಮನೆಯ ಗಾಡಿಗೆ ಪೂಜೆ ಇಲ್ಲ ಎಂದರೆ ಹೇಗೆ? ಬೆಳಿಗ್ಗೆ ಬಾವ ರೈಲನ್ನು ಪರೀಕ್ಷಿಸಿ, ಮಕ್ಕಳು ಹತ್ತಿ ಉರುಳಿಸಿಬಿಟ್ಟಾರು ಎಂದು ಬ್ರೇಕು ಹಾಕಿಯೇ ಇಟ್ಟು ಸ್ನಾನಕ್ಕೆ ಹೋದರು. ಅಕ್ಕ ಎಂಜಿನ್ನಿಗೆ ಚೆಂಡು ಹೂವಿನ ಹಾರ ಹಾಕಿ, ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಎಂಜಿನ್ನಿಗೂ ಎಲ್ಲ ಬೋಗಿಗಳಿಗೂ ಮೂರು ಬೆರಳಿನಲ್ಲಿ ದಪ್ಪಗೆ ಎಳೆದಳು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ಬಾವ ಹೊಸ ಪಂಚೆ ಉಟ್ಟು ಬಂದು, ಪಂಪು ಹಾಕಿ, ಗಾಳಿ ತುಂಬಿಸಿ, "ಹೊರಡಾಣ?" ಎಂದು ಕೇಳಿ ಎಂಜಿನ್ ಚಾಲೂ ಮಾಡಿದರು.

ರೈಲು ಅಲುಗಲಿಲ್ಲ.

ಎಂಜಿನ್ ಜಗ್ಗಿತು, ಚಕ್ರಗಳು ಹಳಿಯ ಮೇಲೆ ಜಾರಿದವು, ಬೋಗಿಗಳು ಮಾತ್ರ ನೆಲ ಕಚ್ಚಿ ನಿಂತವು. ಅವುಗಳ ಕೆಳಗಿನ ನಿಂಬೆಹಣ್ಣುಗಳು ಇಟ್ಟ ಹಾಗೇ ಇದ್ದವು. ಆಯುಧ ಪೂಜೆಯ ದಿನ ನಿಂಬೆಹಣ್ಣು ಒಡೆಯಲಿಲ್ಲ ಎಂದರೆ ನೆಂಟರ ಮುಖ ಹೇಗಾಗುತ್ತದೆ ಎಂದು ನಿಮಗೆ ಗೊತ್ತು. "ದೃಷ್ಟಿ ಆಗೈತೆ" ಎಂದರು ಒಬ್ಬರು. ಬಾವನ ದೊಡ್ಡಪ್ಪನ ಮಗ ಶೇಖರಪ್ಪನವರು, "ದೇವ್ರು ವರ ಕೊಟ್ರೂ ಪೂಜಾರಿ ಕೊಡ ಅಂದಂಗಾತು ನೋಡ್ರಿ. ಎಂಜಿನ್ನು ಹೊರಟೈತೆ, ಬೋಗಿ ಬರವಲ್ವು!" ಎಂದು ನಕ್ಕರು. ಬಾವ ಬೆವರಿದರು. ಜನ ಮಂಡಕ್ಕಿ, ಹೋಳಿಗೆ ತಿಂದು, ಕನಿಕರದ ಮಾತಾಡಿ, ಒಬ್ಬೊಬ್ಬರೇ ಹೊರಟುಹೋದರು.

ಎಲ್ಲರೂ ಹೋದ ಮೇಲೆ ಬಾವ ಹೊಸ ಪಂಚೆಯಲ್ಲೇ ಹಳಿಯ ಪಕ್ಕ ಮಲಗಿ, ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ಬೋಗಿಯ ಅಡಿಗೆ ಹಿಡಿದು ಇಣುಕಿದರು. ಹಲ್ಲು ಕೆರೆಯುವ ಕೊಕ್ಕೆಯಿಂದ ಒಂದು ಕಡೆ ಕೆರೆದರು. "ಕಲ್ಲು ಕಟ್ಟೈತೆ" ಎಂದರು, ಹಲ್ಲು ನೋಡುವ ಅಭ್ಯಾಸಬಲದಿಂದ. ಆಮೇಲೆ ಆ ಬಿಳಿ ಪುಡಿಯನ್ನು ಬೆರಳಲ್ಲಿ ತಿಕ್ಕಿ ಮೂಸಿ, ಎದ್ದು ಕೂತರು. "ಗಿರಿಜಾ, ವಿಭೂತಿ ಎಲ್ಲಿಗೆ ಹಚ್ಚಿದ್ದೆ?"

ಅಕ್ಕ ಹತ್ತಿರ ಬಂದಳು. "ಬೋಗಿಗೆ ಹಣೆ ಎಲ್ಲೈತೆ ಅಂತ ಹುಡುಕ್ದೆ ಕಣ್ರಿ. ಪಕ್ಕದಾಗೆ ಹಿತ್ತಾಳೆ ಬಿಲ್ಲೆ ಹೊಳೀತಿತ್ತು, ನಡುವೆ ಬೊಟ್ಟಿಟ್ಟಂಗೆ ಒಂದು ತೂತು. ಅದೇ ಹಣೆ ಅನ್ಕಂಡೆ."

ಅದು ಸಿರಿಂಜಿನ ಗಾಳಿ ಹೊರಗೆ ಹೋಗುವ ತೂತು. ಬೆಳಿಗ್ಗೆ ಹಾಕಿದ ಬ್ರೇಕಿನ ಗಾಳಿ ಒಳಗೇ ಉಳಿದಿತ್ತು; ಬಿಡುವ ದಾರಿಗೆ ವಿಭೂತಿ ಬಿದ್ದು ಒಣಗಿ ಗಟ್ಟಿಯಾಗಿತ್ತು. ಪ್ರಪಂಚದಲ್ಲಿ ಎಲ್ಲೆಲ್ಲೋ ಎಷ್ಟೋ ಜನ ಇಂಥ ಮಾದರಿ ರೈಲು ಮಾಡಿರಬಹುದು. ವಿಭೂತಿಯಿಂದ ಬ್ರೇಕು ಕಚ್ಚಿಕೊಂಡದ್ದು ನಮ್ಮ ಮನೆಯದು ಮಾತ್ರವೇ ಇರಬೇಕು.

ಅಕ್ಕನ ಮುಖ ಸಣ್ಣದಾಯಿತು. "ಇಷ್ಟು ವರ್ಷ ಕಷ್ಟಪಟ್ಟು ಮಾಡಿದ್ರಿ. ನಾನೇ ಕೆಡಿಸ್ದೆ" ಎಂದಳು. ಅವಳ ಕಣ್ಣು ತುಂಬಿತು. ನಾನು ಬಾವನನ್ನು ನೋಡಿದೆ, ಬೈಯುತ್ತಾರೇನೋ ಎಂದು. ಬಾವ ನಗುತ್ತಿದ್ದರು! ಮಣ್ಣಾದ ಪಂಚೆಯಲ್ಲಿ ಎದ್ದು ನಿಂತು, ಚಿಕ್ಕ ಹುಡುಗನ ಹಾಗೆ ಎರಡೂ ಕೈ ಬೀಸಿ ಹೇಳಿದರು:

"ಗಿರಿಜಾ, ಇದಕ್ಕಿಂತ ಪರೀಕ್ಷೆ ಬೇಕಾ? ನೀನು ಅದರ ಮೂಗು ಮುಚ್ಚಿದ್ದೆ. ಏನ್ಮಾಡ್ತು ಹೇಳು? ಓಡೋತಾ? ನಿಂತ್ಕಂತು! ಕೆಟ್ರೂ ನಿಲ್ಲೋ ಕಡೆಗೇ ಕೆಡ್ತೈತೆ."

ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಒಂದು ನಿಂಬೆಹಣ್ಣನ್ನು ಎತ್ತಿಕೊಂಡು ಅಂಗೈಯಲ್ಲಿ ಉರುಳಿಸುತ್ತ ತುಂಬ ಹೊತ್ತು ಬೋಗಿಯನ್ನು ನೋಡಿದಳು. "ಕಿತ್ತೋದ್ರೆ?" ಎಂದಳು.

"ಕಿತ್ತೋದ್ರೂ ಅಷ್ಟೇ."

"ಹಂಗಂತ ನೀವು ಹೇಳ್ತೀರಿ" ಎಂದು ಒಳಗೆ ಹೋದಳು. ಬಾವ ಕತ್ತಲಾಗುವವರೆಗೂ ಕೂತು ಎಲ್ಲ ತೂತುಗಳನ್ನೂ ಕೊಕ್ಕೆಯಿಂದ ಸ್ವಚ್ಛ ಮಾಡಿದರು.

ಮರುದಿನ ವಿಜಯದಶಮಿ. ಬನ್ನಿ ಕೊಡುವ ಹಬ್ಬ. ಅಕ್ಕ ಬಾವನ ಕೈಗೆ ಬನ್ನಿ ಸೊಪ್ಪು ಕೊಟ್ಟು, "ಬನ್ನಿ ತಗಳ್ರಿ, ಬಂಗಾರದಂಗೆ ಇರಾಣ" ಎಂದು ನಮಸ್ಕಾರ ಮಾಡಿದಳು. ಎದ್ದವಳೇ, "ರೈಲು ಸರಿಯಾತಾ?" ಎಂದಳು.

"ಆತು."

"ಹಂಗಾರೆ ಒಂದ್ಸಲ ಕುಂತ್ಕಂತೀನಿ. ಕೊನೇ ಬೋಗಿನಾಗೆ. ರುದ್ರನೂ ಬರ್ಲಿ."

ಬಾವ ಓಡಿಹೋಗಿ ಹೊಸ ನಿಂಬೆಹಣ್ಣು ತಂದು ಇಟ್ಟರು. ಈ ಸಲ ಅಕ್ಕ ವಿಭೂತಿಯನ್ನು ಎಂಜಿನ್ನಿನ ಮುಂದೆ ಮಾತ್ರ ಹಚ್ಚಿದಳು, ಬಾವನನ್ನು ಕೇಳಿ. ಮುಂದೆ ಬಾವ, ಅವರ ಹಿಂದಿನ ಬೋಗಿಯಲ್ಲಿ, ನಿನ್ನೆ ನಕ್ಕು ಹೋಗಿ ಇವತ್ತು ಬನ್ನಿ ಕೊಡಲು ಬಂದಿದ್ದ ಶೇಖರಪ್ಪನವರು, ಆಮೇಲೆ ನಾನು, ಕೊನೆಯಲ್ಲಿ ಅಕ್ಕ. ನಿಂಬೆಹಣ್ಣುಗಳು ಪಚಪಚ ಒಡೆದವು. ರೈಲು ಈರುಳ್ಳಿ ಶೆಡ್ಡು ಬಿಟ್ಟು ಹೊರಟಿತು.

ಇಳಿಜಾರು ಶುರುವಾಯಿತು. ನನ್ನ ಬೆನ್ನ ಹಿಂದೆ "ಓಂ ನಮಃ ಶಿವಾಯ, ಓಂ ನಮಃ ಶಿವಾಯ" ಕೇಳುತ್ತಿತ್ತು. ಹಳಿ ಟಕಟಕ ಎನ್ನುತ್ತಿತ್ತು. ಕೆಳಗೆ ಕೃಷಿ ಹೊಂಡದ ನೀರು ಬಿಸಿಲಿಗೆ ಹೊಳೆಯುತ್ತ ಹತ್ತಿರ ಬರುತ್ತಿತ್ತು. ನನಗೆ ಬೇರಿಂಗ್ ಗಾಡಿ ನೆನಪಾಗಿ, ತಿಳಿಯದೆಯೇ ಹಿಮ್ಮಡಿಗಳು ಬಿಗಿದುಕೊಂಡವು. ಅಷ್ಟರಲ್ಲಿ ಹಿಂದಿನ ಮಂತ್ರ ನಿಂತಿತು.

ತಿರುಗಿ ನೋಡಿದೆ. ಅಕ್ಕ ಮುಂದಕ್ಕೆ ಬಗ್ಗಿದ್ದಳು. ನನ್ನ ಬೋಗಿಗೂ ಅವಳ ಬೋಗಿಗೂ ನಡುವಿನ ಕಪ್ಪು ಪೈಪಿನ ಮೇಲೆ ಅವಳ ಕೈ ಇತ್ತು. ಎಡಗೈ.

"ಅಕ್ಕಾ, ಬೇಡ!" ಎಂದು ನಾನು ಕೂಗಿದ್ದಕ್ಕೂ, ಅವಳು ಪೈಪನ್ನು ಜಗ್ಗಿ ಕಿತ್ತದ್ದಕ್ಕೂ, ಉಸ್ಸ್ ಎಂದು ಗಾಳಿ ನುಗ್ಗಿದ್ದಕ್ಕೂ ಸರಿಹೋಯಿತು. ಟಕ್, ಟಕ್, ಟಕ್. ರೈಲು ಇಳಿಜಾರಿನ ನಡುವೆ ಕಟ್ಟಿಹಾಕಿದ ಹಾಗೆ ನಿಂತಿತು. ನಾನು ಶೇಖರಪ್ಪನವರ ಬೆನ್ನಿಗೆ ಹೋಗಿ ಬಡಿದೆ. ಶೇಖರಪ್ಪನವರು "ಶಿವನೇ!" ಎಂದರು. ಬಾವನ ಕನ್ನಡಕ ಹಾರಿ ಮೆಕ್ಕೆಜೋಳದ ಹೊಲದಲ್ಲಿ ಬಿತ್ತು.

ಒಂದು ಚಕ್ರವೂ ಕದಲಲಿಲ್ಲ. ಹೊಂಡ ಅಲ್ಲೇ ಕೆಳಗೆ ಹೊಳೆಯುತ್ತಿತ್ತು. ಅಕ್ಕ ಕಿತ್ತ ಪೈಪಿನ ತುದಿಯನ್ನು ಬಳ್ಳಿಯಿಂದ ಹೀರೇಕಾಯಿ ಕಿತ್ತವಳ ಹಾಗೆ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಅವಳ ಕಣ್ಣು ತೆರೆದಿತ್ತು, ಬಾಯಿಯೂ ತೆರೆದಿತ್ತು. ಹೊಸದುರ್ಗ ರೋಡ್ ಸ್ಟೇಷನ್ನಿನ ಅಂಚಿನಲ್ಲಿ ನಿಂತಿದ್ದ ಹುಡುಗಿಯ ಮುಖವನ್ನು ನಾನು ಎಷ್ಟೋ ವರ್ಷಗಳ ಮೇಲೆ ನೋಡಿದೆ.

"ನಿಂತೈತಲ್ರೀ" ಎಂದಳು, ಮೆಲ್ಲಗೆ.

ಬಾವ ಕನ್ನಡಕವನ್ನೂ ಹುಡುಕದೆ ಎಡವುತ್ತ ಓಡಿ ಬಂದರು. ಪೈಪು ನೋಡಲಿಲ್ಲ, ವಾಲ್ವು ನೋಡಲಿಲ್ಲ. ಅವಳ ಮಣಿಕಟ್ಟು ಹಿಡಿದು, "ಕೈಗೇನಾದ್ರೂ ಆತಾ?" ಎಂದರು.

ಅಕ್ಕ ಮಣಿಕಟ್ಟನ್ನು ಆ ಕಡೆ ಈ ಕಡೆ ತಿರುಗಿಸಿ ತೋರಿಸಿದಳು. "ಏನೂ ಆಗಿಲ್ಲ. ಸಿಗಿಸ್ರಿ ಇದನ್ನ. ಹೋಗಾಣ."

ಬಾವ ಪೈಪು ಸಿಗಿಸಿದರು. ಪಂಪು ಗುರ್ ಎಂದಿತು. ಬೋಗಿಗಳು ಒಂದೊಂದಾಗಿ ಉಸಿರು ಬಿಟ್ಟು ಚಕ್ರಗಳನ್ನು ಬಿಟ್ಟುಕೊಟ್ಟವು. ಅವತ್ತು ಅಕ್ಕ ಎಷ್ಟು ಸುತ್ತು ಹಾಕಿದಳೋ ನಾನು ಎಣಿಸಲಿಲ್ಲ; ಎರಡನೆಯ ಸುತ್ತಿಗೆ ಶೇಖರಪ್ಪನವರು ಇಳಿದಿದ್ದರು, ಮೂರನೆಯದಕ್ಕೆ ನಾನೂ ಇಳಿದೆ. ಮಧ್ಯಾಹ್ನ ಬಾವ ಮುನ್ನೆಚ್ಚರಿಕೆಗೆಂದು ಅವಳ ಬೋಗಿಯ ಸಿರಿಂಜ್ ಬಿಚ್ಚಿ ಹೊಸದು ಹಾಕುವಾಗ, ಹಳೆಯದನ್ನು ನಾನು ಕೇಳಿ ಇಸಿದುಕೊಂಡೆ.

ಸಂಜೆ ಬಾವ ಕಾರು ಹೊರಗೆ ತೆಗೆದರು. ಅಕ್ಕ ಎಂದಿನಂತೆ ಚೀಲ ಹಿಡಿದು ಬಂದು, ಬಸ್ ಸ್ಟಾಪಿನ ಕಡೆ ಹೋಗದೆ ಕಾರಿನ ಪಕ್ಕ ನಿಂತಳು. "ಇದಕ್ಕೂ ಗಾಳಿ ಬ್ರೇಕಾ?" ಎಂದಳು.

ಬಾವ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಇಲ್ಲ ಗಿರಿಜಾ. ಇದಕ್ಕೆ ಎಣ್ಣೆ. ಎರಡು ದಾರಿ ಇಟ್ಟಿರ್ತಾರೆ, ಒಂದು ಹೋದ್ರೆ ಇನ್ನೊಂದು. ಆದ್ರೂ ರೈಲಿನಂಗಲ್ಲ."

ಅಕ್ಕ ಕಾರನ್ನು ನೋಡಿದಳು, ಬಾವನನ್ನು ನೋಡಿದಳು. ಮುಂದಿನ ಬಾಗಿಲು ತೆರೆದು ಕೂತಳು. "ಮೆಲ್ಲಗೆ ಹೊಡೀರಿ" ಎಂದಳು.

ನನಗೂ ಹಿಂದಿನ ಸೀಟಿನಲ್ಲಿ ಜಾಗವಿತ್ತು. ಬಸ್ಸಿಗೇ ಬರುತ್ತೇನೆ ಎಂದೆ. ಹೊಳಲ್ಕೆರೆ ಬಸ್ಸು ಬಂದಾಗ ಕಂಡಕ್ಟರ್ ನನ್ನ ಹಿಂದೆ ಮುಂದೆ ನೋಡಿ, "ಎಲ್ಲಿ, ಅಮ್ಮಾರು ಬರ್ಲಿಲ್ವಾ?" ಎಂದು ಕೇಳಿದ. "ಮುಂದೆ ಹೋದ್ರು" ಎಂದು ಹೇಳಿ ಅಕ್ಕನ ಸೀಟಿನಲ್ಲಿ ಕೂತು, ಎದುರಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಹೊರಡುವಾಗ ಬಸ್ಸು "ಉಸ್ಸ್" ಎಂದಿತು. ಇಷ್ಟು ವರ್ಷ ಅದನ್ನು ದಣಿವು ಎಂದುಕೊಂಡಿದ್ದೆ. ಅದು ಬಿಗಿಯಾಗಿ ಹಿಡಿದಿದ್ದ ಬ್ರೇಕು ಬಿಡುವ ಸದ್ದು.